ದಾಲ್ ಸರೋವರದ ತೇಲುವ ಮನೆಗಳು

ಶ್ರೀನಗರಕ್ಕೆ ಹೋದವರು ದಾಲ್ ಸರೋವರದ ಹೌಸ್‌ಬೋಟ್ ನೋಡದೆ ಮರಳುವುದಿಲ್ಲ. ಮಹಾರಾಜರ ಆಳ್ವಿಕೆಯಲ್ಲಿ ಬ್ರಿಟಿಷರು ಅಲ್ಲಿ ಭೂಮಿ ಕೊಳ್ಳುವಂತಿರಲಿಲ್ಲ; ಹಾಗಾಗಿ ನೀರಿನ ಮೇಲೆಯೇ ಮನೆಗಳೆದ್ದವು. ದೋಣಿಯ ಮೈ ದೇವದಾರು ಮರದ್ದು. ಅದರಲ್ಲಿರುವ ಎಣ್ಣೆಯ ಅಂಶ ಮರ ಬೇಗ ಕೊಳೆಯದಂತೆ ಕಾಯುತ್ತದೆ. ಒಳಗೆ ಸೋಫಾ, ಪರದೆಗಳ ಮೇಲೆಲ್ಲ ಉಣ್ಣೆ ದಾರದ ಕ್ರೂಯೆಲ್ ಕಸೂತಿ.

ಮರ ನೀರನ್ನು ತಾಳುತ್ತದೆ, ಬಟ್ಟೆ ತಾಳದು. ತೇವಕ್ಕೆ ಮೆತ್ತೆಯೊಳಗೆ ಬೂಷ್ಟು ಹಿಡಿಯುತ್ತದೆ, ಉಣ್ಣೆಗೆ ಹುಳು ಬೀಳುತ್ತದೆ. 2014ರ ಸೆಪ್ಟೆಂಬರ್ ಪ್ರವಾಹದಲ್ಲಂತೂ ಅನೇಕ ದೋಣಿಗಳು ಕೆಟ್ಟವು. ಹಳೆಯ ಸೋಫಾಕ್ಕೆ ಅದೇ ಬಗೆಯ ಹೊದಿಕೆ ಬೇಕೆಂದರೆ ಒಡೆಯ ಹಳೇ ಪೇಟೆಯ ಗಲ್ಲಿಗಳಲ್ಲಿ ಕಸುಬುದಾರರನ್ನು ಹುಡುಕಬೇಕು. ಒಬ್ಬ ಬಟ್ಟೆಯ ಮೇಲೆ ನಕ್ಷೆ ಮೂಡಿಸುತ್ತಾನೆ. ಇನ್ನೊಬ್ಬ 'ಆರಿ' ಎಂಬ ಕೊಕ್ಕೆಸೂಜಿಯಿಂದ ಸರಪಳಿ ಹೊಲಿಗೆ ಹಾಕುತ್ತಾನೆ. ಮತ್ತೊಬ್ಬ ಅದನ್ನು ಸೋಫಾಕ್ಕೆ ಬಿಗಿಯುತ್ತಾನೆ. ಯಂತ್ರದ ಕಸೂತಿ ಅಗ್ಗ, ಬೇಗ ಸಿಗುತ್ತದೆ. ಕೈಕೆಲಸಕ್ಕೆ ದಿನಗಟ್ಟಲೆ ಬೇಕು, ಕೂಲಿ ಕಡಿಮೆ. ಕಸುಬುದಾರರ ಮಕ್ಕಳು ಬೇರೆ ದಾರಿ ಹಿಡಿದರೆ ದೂರುವಂತಿಲ್ಲ.

2021ರಲ್ಲಿ ಯುನೆಸ್ಕೋ ಶ್ರೀನಗರವನ್ನು ಕರಕುಶಲ ಮತ್ತು ಜನಪದ ಕಲೆಗಳ ಸೃಜನಶೀಲ ನಗರವೆಂದು ಗುರುತಿಸಿತು. ಗೌರವ ದೊಡ್ಡದೇ. ಆದರೆ ಸೂಜಿ ಹಿಡಿದ ಕೈಗೆ ಹೊಟ್ಟೆ ತುಂಬುವಷ್ಟು ಕೂಲಿ ಸಿಕ್ಕರೆ ಮಾತ್ರ ಕಸುಬು ಉಳಿದೀತು. ದಾಲ್‌ಗೆ ಹೋಗುವ ಮಕ್ಕಳು ಸೋಫಾದ ಹೂವನ್ನೊಮ್ಮೆ ಹತ್ತಿರದಿಂದ ನೋಡಲಿ. ಹೊಲಿಗೆ ಅಲ್ಲಲ್ಲಿ ಸಮವಾಗಿಲ್ಲದಿದ್ದರೆ, ಅದು ಮನುಷ್ಯನ ಕೈ ಮಾಡಿದ್ದು.