ಹೆಬ್ಬಾರರ ಗೆರೆ

ಜೂನ್ 8

ಗ್ರಂಥಾಲಯದವರು ಫೋನ್ ಮಾಡಿದ್ದರು. 15ಕ್ಕೆ ಚಿತ್ರಕಾರ ಕೆ.ಕೆ. ಹೆಬ್ಬಾರರ ಜನ್ಮದಿನ, ಹತ್ತು ನಿಮಿಷ ಮಾತಾಡಬೇಕಂತೆ. ವಿಷಯವನ್ನೂ ಅವರೇ ಇಟ್ಟಿದ್ದಾರೆ: ‘ಪೂರ್ವ–ಪಶ್ಚಿಮಗಳ ಸಂಗಮ’. ಆಯಿತು ಎಂದೆ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು. ಎರಡು ಹೊಳೆ ಬೇರೆಬೇರೆ ಹರಿದು ಬಂದು ಕೂಡಿದರೆ ಅದು ಸಂಗಮ. ಇಲ್ಲಿ ಆದದ್ದು ಹಾಗಲ್ಲವಲ್ಲ! 1911ರಲ್ಲಿ ನಮ್ಮ ಉಡುಪಿಯ ಪಕ್ಕದ ಕಟ್ಟಿಂಗೇರಿಯಲ್ಲಿ ಹುಟ್ಟಿದ ಹುಡುಗ, ಯಕ್ಷಗಾನ ನೋಡುತ್ತ ಬೆಳೆದವನು, ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತದ್ದು ಯುರೋಪಿನ ಕ್ರಮ. ಅದು ಸಾಲದು ಅನ್ನಿಸಿದ ಮೇಲೆಯೇ ಜೈನ ಹಸ್ತಪ್ರತಿಗಳ ಕಿರುಚಿತ್ರಗಳ ಕಡೆ, ಅಜಂತಾ ಕಡೆ ತಿರುಗಿದ್ದು. ಅಂದರೆ ಮನೆಗೆ ಬಂದದ್ದು ಪರವೂರಿನ ದಾರಿಯಿಂದ.

ಜೂನ್ 11

ಹಳೇ ವಿದ್ಯಾರ್ಥಿಯೊಬ್ಬ ಹೆಬ್ಬಾರರ ಪುಸ್ತಕ ‘ದಿ ಸಿಂಗಿಂಗ್ ಲೈನ್’ ಕೊಟ್ಟುಹೋದ. ಬರೀ ರೇಖಾಚಿತ್ರಗಳು. ಡೋಲು ಬಡಿಯುವವನೊಬ್ಬನನ್ನು ನಕಲು ಮಾಡಲು ಕೂತೆ. ಹೆಗಲಿನಿಂದ ಇಳಿದ ಗೆರೆ ಮೊಣಕೈಯಲ್ಲಿ ಸ್ವಲ್ಪ ದಪ್ಪವಾಗುತ್ತದೆ, ನಿಲ್ಲುವುದಿಲ್ಲ. ಹಾಗೇ ಡೋಲಿನ ಅಂಚಾಗಿ ಬಿಡುತ್ತದೆ. 30 ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದ ನನ್ನ ಪೆನ್ನು ಪ್ರತಿ ಸಲವೂ ಮೊಣಕೈಯಲ್ಲೇ ನಿಂತಿತು. ಅಲ್ಲೊಂದು ಶಾಯಿ ಬೊಟ್ಟು. ಕಾಫಿ ತಂದವಳು ಹಣಕಿ ನೋಡಿ, “ಎಂತ ಮಾರಾಯ್ರೆ, ನಿಮ್ಮ ಡೋಲಿನವನಿಗೆ ವಾತವಾ?” ಎಂದಳು.

ಜೂನ್ 13

ಹೆಬ್ಬಾರರು ದೊಡ್ಡವರಾದ ಮೇಲೆ ಕಥಕ್ ಕಲಿತರು. ರಂಗ ಹತ್ತುವುದಕ್ಕಲ್ಲ, ಲಯ ಮೈಗೆ ಹತ್ತಲಿ ಎಂದು. ಇದು ನೆನಪಾಗಿ ನಾನೂ ಎದ್ದು ನಿಂತು, ಕಾಲಲ್ಲಿ ತಾಳ ಹಾಕುತ್ತ ಗೆರೆ ಎಳೆದೆ. ಮೂರನೇ ಸಲ ಗೆರೆ ಮೊಣಕೈ ದಾಟಿತು! ಡೋಲು ಮಾತ್ರ ಕುಂಬಳಕಾಯಿಯಾಯಿತು.

ಭಾಷಣದಲ್ಲಿ ಪ್ಯಾರಿಸ್ ಬಗ್ಗೆ ಏನು ಹೇಳಲಿ? ಅಲ್ಲಿನ ಅಕಾಡೆಮಿ ಜೂಲಿಯನ್‌ನಲ್ಲಿ ಕಲಿತು ಬಂದವರು ಆಮೇಲೂ ಕೋಳಿ ಅಂಕದ ಚಿತ್ರ ಬರೆದರು. ಕೋಳಿ ಕಾಲಿಗೆ ಬಾಳು ಕಟ್ಟುವುದನ್ನು ಕಂಡ ನಮ್ಮವರಿಗೆ ಆ ಚಿತ್ರಕ್ಕೆ ವಿವರಣೆ ಬೇಕಿಲ್ಲ. ಬಣ್ಣ ಹಾಕುವ ಧೈರ್ಯ ಅಲ್ಲಿಂದ ಬಂದಿರಲೂಬಹುದು, ಜಗಳ ಮಾತ್ರ ನಮ್ಮ ಗದ್ದೆಯದ್ದೇ.

ಜೂನ್ 15

ಹತ್ತು ನಿಮಿಷ ಎಂದವರು ನಲವತ್ತು ನಿಮಿಷ ಬಿಟ್ಟರು. ಬ್ಯಾನರಿನಲ್ಲಿ ‘ಸಂಗಮ’ ದೊಡ್ಡದಾಗಿತ್ತು, ಹೆಬ್ಬಾರರ ಹೆಸರು ಸಣ್ಣದು. ಕೊನೆಗೆ ಹಿರಿಯರೊಬ್ಬರು ಕೇಳಿದರು: “ಮೇಷ್ಟ್ರೆ, ಇದರಲ್ಲಿ ನಮ್ಮದೆಷ್ಟು, ಅವರದೆಷ್ಟು?” ನನ್ನ ಬೊಟ್ಟಿನ ಹಾಳೆ, ಕುಂಬಳಕಾಯಿಯ ಹಾಳೆ, ಪುಸ್ತಕ ಮೂರನ್ನೂ ಮೇಜಿನ ಮೇಲಿಟ್ಟೆ. ಜನ ಸುತ್ತ ಸೇರಿದರು. ಆರನೇ ಕ್ಲಾಸಿನ ಒಬ್ಬ ಹುಡುಗ ಪುಸ್ತಕದಲ್ಲಿನ ಆ ಗೆರೆಯ ಮೇಲೆ ಹೆಗಲಿನಿಂದ ಡೋಲಿನವರೆಗೆ ಬೆರಳು ಓಡಿಸಿದ, ಎಲ್ಲೂ ನಿಲ್ಲಿಸದೆ. ಕೈಯಲ್ಲಿದ್ದ ಗೋಳಿಬಜೆಯ ಎಣ್ಣೆ ಪುಟದುದ್ದಕ್ಕೂ ಅಂಟಿದೆ. ಪುಸ್ತಕ ವಾಪಸು ಕೊಡುವಾಗ ಎಂತ ಹೇಳುವುದೋ.