ಮೂಡಲ ಬಾಗಿಲಿನಲ್ಲಿ ಲೆಕ್ಕದ ಪಾಠ

ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಹೊರಟು, ಹೊಸಕೋಟೆ, ನರಸಾಪುರ, ಕೋಲಾರಗಳನ್ನು ಒಂದೊಂದಾಗಿ ಹಿಂದಿಕ್ಕಿ ಸುಮಾರು 95 ಕಿಲೋಮೀಟರು ಸಾಗಿದರೆ, ದೊಡ್ಡ ದೊಡ್ಡ ಬಂಡೆಗಳನ್ನು ಯಾರೋ ಬೇಕೆಂದೇ ಪೇರಿಸಿಟ್ಟಂತೆ ಕಾಣುವ ಬೆಟ್ಟವೊಂದು ಎದುರಾಗುತ್ತದೆ. ಅದರ ಮಗ್ಗುಲಲ್ಲಿ ಹರಡಿಕೊಂಡಿರುವ ಊರೇ ಮುಳಬಾಗಿಲು. 'ಮೂಡಲ ಬಾಗಿಲು' ಎಂಬುದೇ ಜನರ ಬಾಯಲ್ಲಿ ಸವೆದು ಮುಳಬಾಗಿಲಾಯಿತೆಂದು ಹೇಳುತ್ತಾರೆ. ನಾಡಿನ ಪೂರ್ವದ ಹೆಬ್ಬಾಗಿಲು ಇದು. ಬಾಗಿಲೆಂದ ಮೇಲೆ ಬರುವವರೂ ಹೋಗುವವರೂ ಇದ್ದೇ ಇರಬೇಕಲ್ಲವೆ? ತಿರುಪತಿಯ ಯಾತ್ರಿಕರು ಈ ದಾರಿಯಲ್ಲಿ ನಡೆದರು, ದಂಡುಗಳೂ ನಡೆದವು. 1768ರಲ್ಲಿ ಹೈದರಾಲಿಯ ಸೇನೆಗೂ ಇಂಗ್ಲಿಷರ ಸೇನೆಗೂ ಇಲ್ಲಿಯೇ ಕದನವಾಯಿತು.

ಪ್ರವಾಸಿಗೆ ಇಲ್ಲಿ ನೋಡತಕ್ಕವು ಅನೇಕ. ಪೇಟೆಯಲ್ಲಿ ಅರ್ಜುನನೇ ಪ್ರತಿಷ್ಠಾಪಿಸಿದನೆಂದು ಭಕ್ತರು ನಂಬುವ ಆಂಜನೇಯನ ಗುಡಿ. ಊರ ಸಮೀಪದ ನರಸಿಂಹತೀರ್ಥದಲ್ಲಿ ಹರಿದಾಸ ಪರಂಪರೆಯ ಹಿರಿಯರಾದ ಶ್ರೀಪಾದರಾಜರ ಸನ್ನಿಧಿ. ಹೈದರ್ ವಲಿಯವರ ದರ್ಗಾ. ಕೆಲವು ಮೈಲಿಗಳಾಚೆ ಕುರುಡುಮಲೆಯ ಬೃಹತ್ ಏಕಶಿಲಾ ಗಣಪತಿ. ಮತ್ತೊಂದು ದಿಕ್ಕಿಗೆ ಆವಣಿಯ ಬೆಟ್ಟ ಮತ್ತು ನೊಳಂಬರ ಕಾಲದ ರಾಮಲಿಂಗೇಶ್ವರ ದೇಗುಲಗಳು. ಇವುಗಳ ವರ್ಣನೆ ವಾಚಕರಿಗೆ ಹೊಸದೇನಲ್ಲ. ಈ ಸಲ ನಾನು ಅಲ್ಲಿಗೆ ಹೋದದ್ದು ಕಲ್ಲಿನ ದೇವರನ್ನು ನೋಡುವುದಕ್ಕಲ್ಲ. ಈ ಬಾಗಿಲಿನ ಮಕ್ಕಳು ಈಗ ಏನನ್ನು ಓದುತ್ತಿದ್ದಾರೆ, ಆ ಓದು ಅವರನ್ನು ಎಲ್ಲಿಗೆ ಕರೆದೊಯ್ಯುತ್ತಿದೆ ಎಂಬುದನ್ನು ತಿಳಿಯುವುದಕ್ಕೆ.

ಊರೇನೋ ಹುಟ್ಟಾ ವ್ಯಾಪಾರದ ಊರು. ರೈಲಿಲ್ಲ, ಇರುವುದೆಲ್ಲ ರಸ್ತೆ. ಹಿಂದೆ 4ನೆಯ ಸಂಖ್ಯೆಯಿಂದಲೂ ಈಗ 75ನೆಯ ಸಂಖ್ಯೆಯಿಂದಲೂ ಕರೆಯಲ್ಪಡುವ ರಾಷ್ಟ್ರೀಯ ಹೆದ್ದಾರಿ ಇದರ ಜೀವನಾಡಿ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ನಂಗಲಿ. ಅದನ್ನು ದಾಟಿದರೆ ಆಂಧ್ರಪ್ರದೇಶ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬರುವ ಮುನ್ನ, ಗಡಿಯಲ್ಲಿ ಲಾರಿಗಳು ವಾಣಿಜ್ಯ ತೆರಿಗೆಯ ತನಿಖೆಗೆಂದು ಸಾಲುಗಟ್ಟಿ ನಿಲ್ಲುತ್ತಿದ್ದವು. ಪೇಟೆಯ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕೂ ಕಿವಿಗೆ ಬೀಳುತ್ತವೆ. ಚೌಕಾಸಿಗೆ ಯಾವ ಭಾಷೆಯೂ ಅಡ್ಡಿಯಾಗದು!

ಇಂಥ ಊರಿನಲ್ಲಿ ವಾಣಿಜ್ಯವನ್ನೂ ವ್ಯವಹಾರ ನಿರ್ವಹಣೆಯನ್ನೂ ಕಾಲೇಜಿಗೆ ಹೋಗಿ ಕಲಿಯಬೇಕೆ ಎಂದು ಕೇಳುವವರುಂಟು. ಅಮೆರಿಕದಲ್ಲಿ 'ಕಮ್ಯುನಿಟಿ ಕಾಲೇಜು' ಎಂಬ ಸಂಸ್ಥೆಗಳಿವೆ. 1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ ಆರಂಭವಾದ ಈ ಬಗೆಯ ಕಾಲೇಜಿನ ಉದ್ದೇಶ ಸರಳವಾದದ್ದು: ದೂರದ ವಿಶ್ವವಿದ್ಯಾನಿಲಯಕ್ಕೆ ಹೋಗಲಾರದ ಮಕ್ಕಳು ಮನೆಯಿಂದಲೇ ಓಡಾಡಿ, ಕಡಿಮೆ ವೆಚ್ಚದಲ್ಲಿ ಎರಡು ವರ್ಷ ಓದಲಿ ಎಂಬುದು. ನಮ್ಮಲ್ಲಿ ಆ ಹೆಸರು ಬಳಕೆಗೆ ಬರದಿದ್ದರೂ ಆ ಕೆಲಸವನ್ನು ಮಾಡುತ್ತಿರುವುದು ತಾಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಮುಳಬಾಗಿಲಿನಲ್ಲಿಯೂ ಅಂಥದೊಂದಿದೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವು ಮೂರಾದಾಗ, ಕೋಲಾರದ ಟಮಕದಲ್ಲಿಯೇ ಉತ್ತರ ವಿಶ್ವವಿದ್ಯಾಲಯದ ಕೇಂದ್ರ ನೆಲೆಯಾಯಿತು. ಪದವಿಯ ಕಾಗದ ಪತ್ರಗಳಿಗಾಗಿ ರಾಜಧಾನಿಗೆ ಅಲೆಯುವುದು ತಪ್ಪಿತು.

ಪದವಿಗಳ ಹೆಸರೂ ಅವಧಿಯೂ ಈ ನಡುವೆ ಹಲವು ಸಲ ಬದಲಾದವು. ಹಿಂದಿನ ಬಿ.ಬಿ.ಎಂ. ಈಗ ಬಿ.ಬಿ.ಎ. 2021ರಲ್ಲಿ ನಾಲ್ಕು ವರ್ಷದ ಪದವಿಯ ಏರ್ಪಾಡು ಬಂದಿತು; 2024ರಲ್ಲಿ ರಾಜ್ಯವು ಮೂರು ವರ್ಷಕ್ಕೇ ಮರಳಿತು. ಹೆಸರು ಏನೇ ಇರಲಿ, ಒಳಗಿನ ತಿರುಳು ಅದೇ: ಲೆಕ್ಕಪತ್ರ, ವ್ಯವಹಾರದ ಕಾನೂನು, ಮಾರುಕಟ್ಟೆ, ಸಂಖ್ಯಾಶಾಸ್ತ್ರ, ಜನರನ್ನು ಕೂಡಿಕೊಂಡು ಕೆಲಸ ನಡೆಸುವ ರೀತಿ. 1494ರಲ್ಲಿ ವೆನಿಸ್ ನಗರದಲ್ಲಿ ಲೂಕಾ ಪಾಚೋಲಿ ಎಂಬ ಸಂನ್ಯಾಸಿ ಅಚ್ಚು ಹಾಕಿಸಿದ ಜಮಾಖರ್ಚಿನ ಇಬ್ಬಗೆಯ ಪದ್ಧತಿಯೇ ಇಂದಿಗೂ ಮೊದಲ ಪಾಠ. ಬಂದದ್ದು ಒಂದು ಕಡೆ, ಹೋದದ್ದು ಇನ್ನೊಂದು ಕಡೆ, ಎರಡೂ ಸಮನಾಗಬೇಕು.

ಇದೇ ಊರಿನಲ್ಲಿ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಯೋಗವಿರಲಿಲ್ಲ. ಅವರು ಸ್ವಂತ ಓದಿನಿಂದ ದೊಡ್ಡವರಾದರು. ಮೈಸೂರು ವಿಶ್ವವಿದ್ಯಾನಿಲಯವು 1961ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಆದರೆ ಎಲ್ಲರೂ ಡಿ.ವಿ.ಜಿ. ಆಗಲಾರರಷ್ಟೆ. ಉಳಿದವರಿಗಾಗಿ ಊರಿನಲ್ಲೊಂದು ಕಾಲೇಜು ಬೇಕು.

ಬೆಳಗಿನ ಬಸ್ಸುಗಳನ್ನು ನೋಡಿದವರಿಗೆ ಈ ಮಾತು ಬೇಗ ಮನದಟ್ಟಾಗುತ್ತದೆ. ಸುತ್ತಲ ಹಳ್ಳಿಗಳಿಂದ ಬರುವ ಬಸ್ಸುಗಳ ತುಂಬ ವಿದ್ಯಾರ್ಥಿನಿಯರು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆಯಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ, 'ದಿನಾ ಬಸ್ಸಿನ ಖರ್ಚು ಯಾರು ಕೊಡುವವರು?' ಎಂಬ ಆಕ್ಷೇಪಣೆ ಮನೆಗಳಲ್ಲಿ ನಿಂತಿತು. ಅಂಥದೊಂದು ಬಸ್ಸಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕುಳಿತ ಹುಡುಗಿಯೊಬ್ಬಳು ನೋಟುಪುಸ್ತಕದಲ್ಲಿ ಲೆಕ್ಕ ಮಾಡುತ್ತಿದ್ದಳು.

"ಕಾಲೇಜಿನ ಲೆಕ್ಕವೇನಮ್ಮಾ?" ಎಂದೆ.

"ಅಲ್ಲ ಸಾರ್, ನಮ್ಮನೇದು," ಎಂದು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು.

ಅರ್ಧ ಎಕರೆ ಟೊಮೆಟೊ. 15 ಕಿಲೋ ಹಿಡಿಯುವ ಪೆಟ್ಟಿಗೆಗಳು 800, ಸರಾಸರಿ ಬೆಲೆ 150 ರೂಪಾಯಿ, ಒಟ್ಟು 1,20,000. ಸಸಿ, ಗೊಬ್ಬರ, ಔಷಧಿ, ಊರುಗೋಲು, ದಾರ, ಬಿಡಿಸುವ ಕೂಲಿ, ಗಾಡಿಯ ಬಾಡಿಗೆ ಎಲ್ಲ ಸೇರಿ 1,02,000. ಉಳಿದದ್ದು 18,000.

"ಲಾಭವೇ ಆಯಿತಲ್ಲ!"

"ಅಪ್ಪಾನೂ ಹಾಗೇ ಅಂತಾರೆ. ಕೆಳಗೆ ನೋಡಿ ಸಾರ್."

ಕೆಳಗೆ ಇನ್ನೊಂದು ಸಾಲಿತ್ತು: ಅಪ್ಪ ಅಮ್ಮ ಇಬ್ಬರೂ ಹೊಲದಲ್ಲಿ ದುಡಿದದ್ದು ತಲಾ 60 ದಿನ, ದಿನಕ್ಕೆ 350 ರೂಪಾಯಿಯಂತೆ 42,000. ಕಳೆದಾಗ ಲಾಭವು ಹೋಗಿ 24,000 ರೂಪಾಯಿ ನಷ್ಟ ಕಾಣಿಸಿತು. ತಮ್ಮದಲ್ಲದ ಹೊಲಕ್ಕೆ ಕೂಲಿಗೆ ಹೋಗಿದ್ದರೆ ಕೈಗೆ ಬರುತ್ತಿದ್ದ ಹಣವದು.

"ಮನೆಯಲ್ಲಿ ತೋರಿಸಿದೆಯಾ?"

"ತೋರಿಸಿದೆ. ಅಪ್ಪ ಏನೂ ಮಾತಾಡಲಿಲ್ಲ. ಅಮ್ಮ ಮಾತ್ರ, 'ನನ್ನ ಕೂಲಿ ಬರೆದಿದೀಯಲ್ಲ, ಆ ಸಾಲು ಇನ್ನೊಂದು ಸಲ ಓದು' ಅಂದರು."

ಎಷ್ಟೋ ತಲೆಮಾರುಗಳಿಂದ ಯಾವ ಪುಸ್ತಕದಲ್ಲಿಯೂ ಏರದಿದ್ದ ಒಂದು ದುಡಿಮೆಯನ್ನು ಆ ಹುಡುಗಿ ಖರ್ಚಿನ ಸಾಲಿನಲ್ಲಿ ಬರೆದಿದ್ದಳು. ವಾಣಿಜ್ಯವೆಂದರೆ ಲಾಭದ ಲೋಭವೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು. ಸರಿಯಾಗಿ ಬರೆದ ಲೆಕ್ಕಕ್ಕಿಂತ ದೊಡ್ಡ ನ್ಯಾಯವಾದಿ ಬಡವನಿಗೆ ಇನ್ನೊಬ್ಬನಿಲ್ಲ.

ಈ ಲೆಕ್ಕದ ಮಹತ್ವ ತಿಳಿಯಬೇಕಾದರೆ ತಾಲೂಕಿನ ವಡ್ಡಹಳ್ಳಿಯ ಟೊಮೆಟೊ ಮಂಡಿಯನ್ನಾಗಲಿ, ಕೋಲಾರದ ದೊಡ್ಡ ಮಾರುಕಟ್ಟೆಯನ್ನಾಗಲಿ ನೋಡಬೇಕು. ಪೆಟ್ಟಿಗೆಗಳ ಗೋಡೆ, ಹರಾಜಿನ ಕೂಗು, ದೂರದ ರಾಜ್ಯಗಳಿಗೆ ಹೊರಡುವ ಲಾರಿಗಳು. 2023ರ ಜುಲೈ ತಿಂಗಳಲ್ಲಿ 15 ಕಿಲೋ ಪೆಟ್ಟಿಗೆಯ ಬೆಲೆ 2,000 ರೂಪಾಯಿ ದಾಟಿತ್ತು. ಬೇರೆ ಸಮಯದಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದದ್ದೂ ಉಂಟು. ಕಾರಣ ಗುಟ್ಟಿನದಲ್ಲ. ಬೆಲೆ ಏರಿದುದನ್ನು ಕಂಡು ಎಲ್ಲರೂ ಒಮ್ಮೆಗೇ ನಾಟಿ ಮಾಡುತ್ತಾರೆ. ಎಲ್ಲರ ಬೆಳೆಯೂ ಒಮ್ಮೆಗೇ ಬರುತ್ತದೆ. ಇಡಲು ಬಾರದ ಹಣ್ಣು ಬಂದ ಬೆಲೆಗೆ ಹೋಗಬೇಕು. ಮೇಲಾಗಿ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಯ ಆಳ ಹೆಚ್ಚಿದಷ್ಟೂ ಸಾಲವೂ ಆಳವಾಗುತ್ತದೆ.

ತೊಡಕುಗಳಿಲ್ಲವೆಂದಲ್ಲ. ಮನೆಯಲ್ಲಿ ತೆಲುಗು ಆಡಿ, ಶಾಲೆಯಲ್ಲಿ ಕನ್ನಡ ಕಲಿತು ಬಂದ ಮಕ್ಕಳಿಗೆ ವಾಣಿಜ್ಯದ ಗ್ರಂಥಗಳು ಎದುರಾಗುವುದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ತಿಳಿದ ವಿಷಯವನ್ನೇ ತಿಳಿಯದ ಮಾತಿನಲ್ಲಿ ಬರೆಯಬೇಕಾದ ಕಷ್ಟ ಅನುಭವಿಸಿದವರಿಗೇ ಗೊತ್ತು. ಪುಸ್ತಕದ ಉದಾಹರಣೆಗಳೂ ದೂರದ ಕಂಪನಿಗಳವೇ. ಸವಕಳಿಯ ಪಾಠಕ್ಕೆ ಹನಿ ನೀರಾವರಿಯ ಕೊಳವೆ, ಗುಣಮಟ್ಟದ ಪಾಠಕ್ಕೆ ಜಿಡ್ಡಿನ ಅಂಶ ನೋಡಿ ಬೆಲೆ ಕಟ್ಟುವ ಹಾಲಿನ ಡೈರಿ, ಹೆಸರಿನ ಬೆಲೆಯ ಪಾಠಕ್ಕೆ ಬೆಂಗಳೂರಿನ ಹೋಟೆಲುಗಳ ಫಲಕಗಳನ್ನೇರಿರುವ 'ಮುಳಬಾಗಿಲು ದೋಸೆ' ಇಲ್ಲಿಯೇ ಇರುವಾಗ, ಬೇರೆ ಕಡೆ ಹುಡುಕುವುದೇಕೆ?

ಓದಿದ ಮೇಲೆ ಎಲ್ಲಿಗೆ? ಹೆದ್ದಾರಿಯುದ್ದಕ್ಕೂ ಉತ್ತರಗಳಿವೆ. ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆಯಿದೆ. ಪಕ್ಕದಲ್ಲಿಯೇ ಐಫೋನು ಜೋಡಿಸುವ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಸಂಸ್ಥೆ ಕೊಂಡಿತು. ತಿಂಗಳ ಸಂಬಳ ದೊಡ್ಡ ಆಸರೆಯೇ ಸರಿ. ಆದರೆ ಒಂದೇ ಆಸರೆಯನ್ನು ನಂಬಿದ ಊರಿನ ಕಥೆಯೂ ಇದೇ ಜಿಲ್ಲೆಯಲ್ಲಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯ ಕೈಸೇರಿದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ, ಮನೆಮನೆಯ ಲೆಕ್ಕವೂ ಬುಡಮೇಲಾಯಿತು.

ಆ ಹುಡುಗಿಗೂ ಇದೇ ಕವಲುದಾರಿ. ಕೊನೆಯ ವರ್ಷ ಮುಗಿಸುವುದೋ, ಈಗಲೇ ಕಾರ್ಖಾನೆ ಸೇರುವುದೋ? ಹೊಲಕ್ಕೆ ಮತ್ತೆ ಟೊಮೆಟೊವೋ? "ಈ ಸಲ ಅರ್ಧಕ್ಕೆ ಮಾತ್ರ ಟೊಮೆಟೊ ಸಾರ್, ಇನ್ನರ್ಧಕ್ಕೆ ಹುರುಳಿಕಾಯಿ ಅಂತ ಹೇಳಿದೀನಿ. ಕೇಳ್ತಾರೋ ಇಲ್ಲವೋ," ಎಂದು ಇಳಿದುಹೋದಳು.

ಆಂಜನೇಯನ ದರ್ಶನಕ್ಕೆಂದು ಈ ಊರಿಗೆ ಹೋಗುವ ವಾಚಕರು ಬೆಳಗಿನ ಹೊತ್ತು ಒಂದು ಗಂಟೆಯನ್ನು ವಡ್ಡಹಳ್ಳಿಗಾಗಿ ಉಳಿಸಿಕೊಳ್ಳಲಿ. ಮಕ್ಕಳನ್ನೂ ಕರೆದೊಯ್ಯಲಿ. ನಮ್ಮ ಅಡಿಗೆಮನೆಯ ಸಾರಿಗೆ ಬೀಳುವ ಹಣ್ಣಿನ ಬೆಲೆಯಲ್ಲಿ ಯಾರ ಯಾರ ದಿನಗಳು ಸೇರಿವೆ, ಯಾರವು ಸೇರಿಲ್ಲ ಎಂಬುದನ್ನು ಕೇಳಿ ತಿಳಿದುಕೊಳ್ಳಲಿ. ಹೇಳುವುದಕ್ಕೆ ಲೆಕ್ಕ ಬಲ್ಲ ಹುಡುಗಿಯರು ಈಗ ಅಲ್ಲಿ ಬೇಕಾದಷ್ಟು ಜನ ಇದ್ದಾರೆ.