ಮುಂದೆ ಅಂಗಡಿ, ಹಿಂದೆ ಮನೆ

ಕೆಂಗೇರಿಯ ಹಳೇ ಊರಿನೊಳಗೆ ಒಂದು ದಿನಸಿ ಅಂಗಡಿ ಇದೆ. ಅದಕ್ಕೆ ಇವತ್ತಿಗೂ ಶಟರ್ ಇಲ್ಲ. ರಾತ್ರಿ ಒಂಬತ್ತು ಗಂಟೆಗೆ ಯಜಮಾನರು ಒಳಗಿನಿಂದ ಒಂದೊಂದೇ ಮರದ ಹಲಗೆ ತಂದು, ಹೊಸ್ತಿಲಲ್ಲೂ ಮೇಲಿನ ತೊಲೆಯಲ್ಲೂ ಕೊರೆದಿರುವ ಸಂದಿಗೆ ಕೂರಿಸಿ, ಪಕ್ಕಕ್ಕೆ ಸರಿಸುತ್ತಾ ಹೋಗುತ್ತಾರೆ. ಕೊನೆಯ ಹಲಗೆ ಬಿದ್ದ ಮೇಲೆ ಕಬ್ಬಿಣದ ಅಡ್ಡಪಟ್ಟಿ, ಅದಕ್ಕೊಂದು ಬೀಗ. ಹಲಗೆಗಳ ಮೇಲೆ ಟಾರಿನಲ್ಲಿ ಬರೆದ ಕನ್ನಡ ಅಂಕಿಗಳಿವೆ, ೧ರಿಂದ ೧೧ರವರೆಗೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಯಜಮಾನರು ಅಂಕಿ ನೋಡುವುದೇ ಇಲ್ಲ, ಕೈಗೆ ಗೊತ್ತು.

ನನ್ನ ಪಿಎಚ್‌ಡಿ ಕೆಲಸಕ್ಕಾಗಿ ಇಂಥ ಮನೆಗಳ ಅಳತೆ ತೆಗೆದು ನಕ್ಷೆ ಮಾಡುತ್ತಿದ್ದೇನೆ. ಮೊದಲ ದಿನ ಟೇಪಿನ ಒಂದು ತುದಿ ಹಿಡಿದುಕೊಳ್ಳಿ ಅಂದಾಗ ಅವರು ಹಿಡಿದುಕೊಂಡೇ ಕೇಳಿದರು: "ಕೊಂಡ್ಕೊಳ್ಳೋರೂ ಅಳೀತಾರೆ, ಒಡೆಯೋರೂ ಅಳೀತಾರೆ. ನೀನು ಯಾರ ಕಡೆಯೋಳಮ್ಮ?"

ಬರೆಯೋಳು ಅಂದೆ. "ಹಂಗಾದ್ರೆ ಬಾ," ಅಂದರು.

ಆ ಮನೆಯ ಅಗಲ ೧೪ ಅಡಿ, ಉದ್ದ ೭೨ ಅಡಿ. ಚರಂಡಿಯ ಮೇಲೆ ಚಪ್ಪಡಿ, ಚಪ್ಪಡಿ ದಾಟಿದರೆ ಜಗಲಿ, ಜಗಲಿಯ ಹಿಂದೆ ಅಂಗಡಿ. ಅಂಗಡಿಯ ಹಿಂಗೋಡೆಯಲ್ಲಿ ಒಂದು ಕುಳ್ಳ ಬಾಗಿಲು. ತಲೆ ಬಗ್ಗಿಸಿ ಒಳಗೆ ಹೋದರೆ ಪಡಸಾಲೆ, ಅದರಾಚೆ ಆಕಾಶ ಕಾಣುವ ಸಣ್ಣ ತೊಟ್ಟಿ, ಆಮೇಲೆ ದೇವರ ಗೂಡು, ಅಡುಗೆಮನೆ, ಬಚ್ಚಲು, ಕೊನೆಗೆ ಹಿತ್ತಲು ಅಂತ ಹೇಳಿಕೊಳ್ಳಲು ಒಂದು ಕರಿಬೇವಿನ ಗಿಡ. ಮೇಲೆ ಅರ್ಧ ಅಟ್ಟ. ಮೂಟೆಗಳು ಅಲ್ಲಿರುತ್ತವೆ, ಬೇಸಿಗೆಯಲ್ಲಿ ನೆಂಟರ ಮಕ್ಕಳೂ ಅಲ್ಲೇ ಮಲಗುತ್ತಾರೆ. ಎರಡು ಪಕ್ಕದ ಗೋಡೆಗಳೂ ಪಕ್ಕದವರ ಜೊತೆ ಹಂಚಿಕೊಂಡವು, ಅಲ್ಲಿ ಕಿಟಕಿ ಇಡುವಂತಿಲ್ಲ. ಇಷ್ಟು ಉದ್ದದ ಮನೆಗೆ ಬೆಳಕು, ಗಾಳಿ ಎರಡೂ ಬರಬೇಕಾದ್ದು ಆ ತೊಟ್ಟಿಯಿಂದಲೇ. ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಕೂತವರು ಸ್ವಲ್ಪ ಕತ್ತು ತಿರುಗಿಸಿದರೆ ತೊಟ್ಟಿಯಲ್ಲಿ ಯಾರು ಓಡಾಡುತ್ತಿದ್ದಾರೆ ಅಂತ ಕಾಣುತ್ತದೆ. ಗಿರಾಕಿಗೆ ಮಾತ್ರ ಕಾಣುವುದಿಲ್ಲ. ಆ ಕುಳ್ಳ ಬಾಗಿಲನ್ನು ಇಟ್ಟ ಜಾಗ ಅಷ್ಟು ಲೆಕ್ಕಾಚಾರದ್ದು.

ಇಂಥ ಮನೆಗೆ ಕನ್ನಡದಲ್ಲಿ ಒಂದು ಹೆಸರು ಹುಡುಕುತ್ತಾ ಬಹಳ ದಿನ ಕಳೆದೆ. ತೊಟ್ಟಿಮನೆ ಅಂದರೆ ಶ್ರೀಮಂತರ ದೊಡ್ಡ ಮನೆ ಕಣ್ಣಿಗೆ ಬರುತ್ತದೆ. ಮಗ್ಗದ ಮನೆ ಅಂದರೆ ನೇಯ್ಗೆಯವರದು. ವ್ಯಾಪಾರಿಯ ಮನೆಯನ್ನು ಜನ 'ಮುಂದೆ ಅಂಗಡಿ, ಹಿಂದೆ ಮನೆ' ಅಂತಲೇ ಹೇಳುತ್ತಾರೆ. ಬೇರೆ ಹೆಸರು ಬೇಕಾಗಿರಲಿಲ್ಲ ಅನ್ನಿಸುತ್ತದೆ. ಪೇಟೆಯಲ್ಲಿರುವುದೆಲ್ಲ ಅದೇ ಆದಾಗ ಹೆಸರಿಟ್ಟು ಬೇರೆ ಮಾಡುವುದೇನಿದೆ. ಗ್ರಂಥಾಲಯದಲ್ಲಿ ಮಾತ್ರ ಇದಕ್ಕೆ ಶಾಪ್‌ಹೌಸ್ ಎಂಬ ಹೆಸರಿದೆ. ಕಪಾಟಿನ ತುಂಬ ಪುಸ್ತಕಗಳೂ ಇವೆ. ಆದರೆ ಅವೆಲ್ಲ ಬಹುಪಾಲು ಮಲಾಕಾ, ಪೆನಾಂಗ್, ಸಿಂಗಾಪುರಗಳಲ್ಲಿ ದಕ್ಷಿಣ ಚೀನಾದಿಂದ ಬಂದ ವ್ಯಾಪಾರಿಗಳು ಕಟ್ಟಿಕೊಂಡ ಮನೆಗಳ ಬಗ್ಗೆ. ಹೀಗಾಗಿ ಕೆಂಗೇರಿಯ ಮನೆ ಅಳೆಯುವುದಕ್ಕೆ ಮುಂಚೆ ನಾನು ಮಲಾಕಾದ ಮನೆಗಳನ್ನು ಓದಬೇಕಾಯಿತು.

ಓದಿದಂತೆ ಬೆರಗಾಯಿತು. ಅಲ್ಲೂ ಇಕ್ಕಟ್ಟಾದ ಮುಖ, ಉದ್ದನೆಯ ಒಡಲು, ಹಂಚಿಕೊಂಡ ಪಕ್ಕದ ಗೋಡೆ, ಮುಂದೆ ವ್ಯಾಪಾರ, ಒಳಗೆ ಸಂಸಾರ, ನಡುವೆ ಆಕಾಶಕ್ಕೆ ತೆರೆದ ಅಂಗಳ. ಆ ಅಂಗಳಕ್ಕೆ ಚೀನೀಯರು 'ತಿಯನ್‌ಜಿಂಗ್' ಅನ್ನುತ್ತಾರೆ, ಅಂದರೆ ಆಕಾಶದ ಬಾವಿ. ನಾವು ತೊಟ್ಟಿ ಅಂದೆವು. ಬೆಳಕು ಬರಲೆಂದು ಬಿಟ್ಟ ಜಾಗಕ್ಕೆ ಎರಡು ಭಾಷೆಗಳೂ ನೀರಿನ ಹೆಸರಿಟ್ಟಿವೆ. ಮಳೆ ಬಿದ್ದಾಗ ನಾಲ್ಕೂ ಕಡೆಯ ಸೂರಿನ ನೀರು ಒಳಗೇ ಸುರಿಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರು ಯಾರಿಂದ ಕಲಿತರು ಎಂಬ ಪ್ರಶ್ನೆಯನ್ನು ಸೆಮಿನಾರುಗಳಲ್ಲಿ ಕೇಳುತ್ತಾರೆ. ನನಗೆ ಅದರಲ್ಲಿ ಅಂಥ ಆಸಕ್ತಿಯಿಲ್ಲ. ಬೀದಿಯ ಮುಖಕ್ಕೆ ಬೆಲೆ ಜಾಸ್ತಿ, ಎಲ್ಲರಿಗೂ ಒಂದು ತುಂಡು ಬೇಕು, ಅಂದಮೇಲೆ ಮನೆ ಹಿಂದಕ್ಕೆ ಬೆಳೆಯದೆ ಇನ್ನೆಲ್ಲಿಗೆ ಹೋದೀತು?

ವ್ಯತ್ಯಾಸ ಇರುವುದು ಜಗಲಿಯಲ್ಲಿ. ೧೮೨೨ರಲ್ಲಿ ಸ್ಟ್ಯಾಮ್‌ಫೋರ್ಡ್ ರಾಫಲ್ಸ್ ಸಿಂಗಾಪುರದ ನಕ್ಷೆ ಮಾಡಿಸುವಾಗ, ಪ್ರತಿ ಅಂಗಡಿಯೂ ತನ್ನ ಮುಂದೆ ಸೂರಿರುವ ಮೊಗಸಾಲೆ ಬಿಡಬೇಕು, ಅದು ಸಾಲಾಗಿ ಎಲ್ಲರ ಓಡಾಟಕ್ಕೂ ತೆರೆದಿರಬೇಕು ಅಂತ ವಿಧಿಸಿದ. ಮಲಯ ಭಾಷೆಯಲ್ಲಿ ಅದು 'ಕಾಕಿ ಲಿಮ', ಐದು ಅಡಿ. ಮಳೆ ಬಂದರೂ ನೆನೆಯದೆ ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಹೋಗಬಹುದು. ನಮ್ಮ ಜಗಲಿಗೆ ಯಾವ ದೊರೆಯ ಆಜ್ಞೆಯೂ ಇಲ್ಲ. ಅದು ನಡೆಯುವುದಕ್ಕಲ್ಲ, ಕೂರುವುದಕ್ಕೆ. ಒಬ್ಬೊಬ್ಬರದು ಒಂದೊಂದು ಎತ್ತರ, ಪಕ್ಕದ ಜಗಲಿಗೆ ಹೋಗಬೇಕಾದರೆ ಬೀದಿಗಿಳಿದೇ ಹೋಗಬೇಕು. ಮನೆಯೊಳಗೆ ಕರೆಯಲಾಗದವರನ್ನು, ಕರೆಯಲು ಇಷ್ಟವಿಲ್ಲದವರನ್ನು ಅಲ್ಲಿ ಕೂರಿಸುತ್ತಿದ್ದರು. ಯಾರು ಜಗಲಿಯವರೆಗೆ, ಯಾರು ಪಡಸಾಲೆಯವರೆಗೆ, ಯಾರು ಚಪ್ಪಡಿಯ ಕೆಳಗೇ ನಿಂತು ಕೈಯೊಡ್ಡಬೇಕು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಜಗಲಿಯ ಸೊಗಸಿನ ಬಗ್ಗೆ ಬರೆಯುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ. ಕೆಂಗೇರಿಯ ಮನೆಯ ನಕ್ಷೆಯಲ್ಲಿ ಅಂಗಡಿಯ ಪಕ್ಕದ ಕಿಂಡಿಯೊಂದನ್ನು ಗುರುತು ಮಾಡುವಾಗ, ಇದು ಯಾತಕ್ಕೆ ಅಂತ ಕೇಳಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಹಂಗಿತ್ತು," ಅಂದರು. ಗುರುತು ಮಾಡಿಕೊಂಡೆ.

ಬೆಂಗಳೂರಿನ ಪೇಟೆಯಲ್ಲಿ ಇಂಥ ಮನೆಗಳು ಬೀದಿ ಬೀದಿಗೂ ಇದ್ದವು. ಕೆಂಪೇಗೌಡರು ೧೫೩೭ರಲ್ಲಿ ಕಟ್ಟಿಸಿದರೆನ್ನುವ ಪೇಟೆ ಬೆಳೆದದ್ದೇ ಕಸುಬಿಗೊಂದು ಬೀದಿಯಾಗಿ: ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ತರಗುಪೇಟೆ, ಗಾಣಿಗರಪೇಟೆ. ಕಬ್ಬನ್‌ಪೇಟೆಯ ಕಡೆ ಮುಂದಿನ ಕೋಣೆಯಲ್ಲಿ ಅಂಗಡಿಯ ಬದಲು ಗುಂಡಿಮಗ್ಗ. ಮಲಗುವುದು, ಬೇಯಿಸುವುದು, ನೇಯುವುದು, ಮಾರುವುದು ಎಲ್ಲ ಒಂದೇ ಸೂರಿನ ಕೆಳಗೆ.

ಇದನ್ನು ಕೆಡವಿದ್ದು ಯಾವ ಶತ್ರು ಸೈನ್ಯವೂ ಅಲ್ಲ, ಪ್ಲೇಗು. ೧೮೯೪ರಲ್ಲಿ ಹಾಂಗ್‌ಕಾಂಗ್, ೧೮೯೬ರಲ್ಲಿ ಮುಂಬಯಿ, ೧೮೯೮ರಲ್ಲಿ ಬೆಂಗಳೂರು. ಬಂದರಿನಿಂದ ಬಂದರಿಗೆ ಹಡಗಿನಲ್ಲಿ, ಬಂದರಿನಿಂದ ಒಳನಾಡಿಗೆ ರೈಲಿನಲ್ಲಿ ಇಲಿ ಮತ್ತು ಚಿಗಟಗಳ ಜೊತೆ ಅದು ಬಂತು. ಅದರ ಹಿಂದೆಯೇ, ಇಂಥ ಮನೆಗಳೇ ರೋಗಕ್ಕೆ ಮೂಲ ಎಂಬ ವಿಚಾರವೂ ಬಂತು. ಹಾಂಗ್‌ಕಾಂಗಿನಲ್ಲಿ ಚೀನೀಯರ ತೈಪಿಂಗ್‌ಶಾನ್ ಬಡಾವಣೆಯನ್ನು ಸರ್ಕಾರ ಸ್ವಾಧೀನ ಮಾಡಿಕೊಂಡು ಕೆಡವಿತು. ಹಿಂದೆ ಕಲ್ಕತ್ತಾದ ಆರೋಗ್ಯಾಧಿಕಾರಿಯಾಗಿದ್ದ ಡಬ್ಲ್ಯು. ಜೆ. ಸಿಂಪ್ಸನ್ ೧೯೦೭ರಲ್ಲಿ ಸಿಂಗಾಪುರದ ನೈರ್ಮಲ್ಯದ ಬಗ್ಗೆ ಕೊಟ್ಟ ವರದಿಯಲ್ಲಿ, ಬೆನ್ನಿಗೆ ಬೆನ್ನು ಹಚ್ಚಿ ನಿಂತ ಅಂಗಡಿಮನೆಗಳ ನಡುವೆ ಹಿಂದಿನ ಓಣಿಗಳನ್ನು ಬಿಡಿಸಬೇಕು ಅಂದ. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬಂದವು: ನೇರ ರಸ್ತೆ, ಹಿಂದೆ ಓಣಿ, ಸುತ್ತಲೂ ಜಾಗ ಬಿಟ್ಟು ಸೈಟಿನ ನಡುವೆ ನಿಂತ ಮನೆ. ಇಲಿಯಿಂದ ಸತ್ತವರ ಲೆಕ್ಕದ ಮುಂದೆ ನಾನು ತೊಟ್ಟಿಯ ಸೊಬಗಿನ ವಕಾಲತ್ತು ವಹಿಸುವುದಿಲ್ಲ. ಗಾಳಿ ಬೆಳಕಿಲ್ಲದ ಕೋಣೆಗಳು ನಿಜವಾಗಿಯೂ ಇದ್ದವು. ಆದರೆ ಅದರ ಜೊತೆಗೆ ಇನ್ನೊಂದು ನಂಬಿಕೆ ಸದ್ದಿಲ್ಲದೆ ಬಂದು ಕೂತಿತು: ಮರ್ಯಾದಸ್ಥರ ಮನೆಯಲ್ಲಿ ಅಂಗಡಿ ಇರುವುದಿಲ್ಲ. ವಾಸಕ್ಕೊಂದು ವಲಯ, ವ್ಯಾಪಾರಕ್ಕೊಂದು ವಲಯ. ಇವತ್ತಿನ ನಗರ ಯೋಜನೆಯ ಬಣ್ಣ ಬಣ್ಣದ ನಕ್ಷೆಗಳಲ್ಲಿ ಹಳದಿ ಒಂದು ಕಡೆ, ನೀಲಿ ಒಂದು ಕಡೆ ಇರುವುದರ ಬೇರು ಅಲ್ಲಿಯೂ ಇದೆ.

ಪಶ್ಚಿಮ ಬೆಂಗಳೂರು ಬೆಳೆದದ್ದು ಆ ನಂಬಿಕೆಯ ಮೇಲೆ. ೧೯೪೫ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಬಂತು, ೧೯೪೯ರಲ್ಲಿ ಕೈಗಾರಿಕಾ ಉಪನಗರವಾಗಿ ರಾಜಾಜಿನಗರ ಶುರುವಾಯಿತು, ೧೯೭೬ರಲ್ಲಿ ಬಿಡಿಎ. ಕಾರ್ಖಾನೆ ಅಲ್ಲಿ, ಮನೆ ಇಲ್ಲಿ, ಅಂಗಡಿಗೆ ಅಲ್ಲೊಂದು ಕಾಂಪ್ಲೆಕ್ಸ್. ಬಸವೇಶ್ವರನಗರ, ವಿಜಯನಗರಗಳಲ್ಲೂ ಮೂವತ್ತು-ನಲವತ್ತರ ಸೈಟು, ಮುಂದೆ ಇಷ್ಟು ಬಿಡಿ, ಪಕ್ಕದಲ್ಲಿ ಇಷ್ಟು ಬಿಡಿ ಎಂಬ ನಿಯಮ. ಜನ ಮೊದಲು ಹಾಗೇ ಕಟ್ಟಿದರು. ಆಮೇಲೆ, ನಿವೃತ್ತಿಯ ಹಣವೋ ಕಾರ್ಖಾನೆಯ ವಿಆರ್‌ಎಸ್ ಹಣವೋ ಕೈಗೆ ಬಂದ ಮೇಲೆ, ಮುಂದೆ ಬಿಟ್ಟಿದ್ದ ಜಾಗಕ್ಕೆ ಶೀಟು ಹೊದಿಸಿ ಒಂದು ಶಟರ್ ಇಳಿಬಿಟ್ಟರು. ಹಾಲಿನ ಬೂತು, ಟೈಲರ್, ಗಿರಣಿ, ಕಾಂಡಿಮೆಂಟ್ಸ್. ಹೊರಗೆ ಎರಡು ಮೆಟ್ಟಿಲು. ಸರ್ಕಾರ ನಕ್ಷೆಯಲ್ಲಿ ಬಿಡಿಸಿದ್ದನ್ನು ಜನ ಮತ್ತೆ ಹೊಲಿದುಕೊಂಡರು. ನೋಡಲು ಚೆಂದವಿಲ್ಲ, ನಿಜ. ಕಂಬಕ್ಕೆ ಬೋದಿಗೆಯಿಲ್ಲ, ಸೂರಿಗೆ ಹೆಂಚಿಲ್ಲ, ಮುಖಕ್ಕೆ ಫ್ಲೆಕ್ಸ್ ಬೋರ್ಡು. ಆದರೂ ನನ್ನ ಪ್ರಕಾರ ಇದೇ ಪೇಟೆಯ ಮನೆಯ ನೇರ ವಾರಸುದಾರ. ಈ ಮಾತನ್ನು ಬರೆದ ಅಧ್ಯಾಯವನ್ನು ನನ್ನ ಗೈಡ್ ಎರಡು ಸಲ ವಾಪಸ್ ಕೊಟ್ಟಿದ್ದಾರೆ. "ಇದರಲ್ಲಿ ಪರಂಪರೆ ಎಲ್ಲಿದೆ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ೧೯೬೧ರ ನಮ್ಮ ರಾಜ್ಯದ ಸ್ಮಾರಕಗಳ ಕಾಯ್ದೆಗೂ ಕನಿಷ್ಠ ನೂರು ವರ್ಷ ಬೇಕು.

ನನ್ನ ಉತ್ತರ ವಿಜಯನಗರದ ನಮ್ಮ ಮನೆಯಲ್ಲಿದೆ. ಕೆಳಗೆ ಅಪ್ಪನ ನೋಟ್‌ಬುಕ್, ಪೆನ್ನು, ಜೆರಾಕ್ಸ್ ಅಂಗಡಿ, ಮೇಲೆ ನಾವು. ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಅಪ್ಪ ಕೆಳಗಿನಿಂದಲೇ ಲೆಕ್ಕ ಇಡುತ್ತಾರೆ. ಅಮ್ಮ ಮೆಟ್ಟಿಲ ಸಂದಿಯಿಂದ ಕಾಫಿ ಲೋಟ ಇಳಿಸುತ್ತಾರೆ, ಖಾಲಿ ಲೋಟದ ಜೊತೆ ಚಿಲ್ಲರೆ ಮೇಲೆ ಬರುತ್ತದೆ. ಅಪ್ಪ ಊಟಕ್ಕೆ ಬಂದರೆ ಗಲ್ಲಾದಲ್ಲಿ ಅಮ್ಮ, ಅಮ್ಮ ಸಂತೆಗೆ ಹೋದರೆ ನಾನು. ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಯಾರದೋ ಮಗು ಗ್ರಾಫ್ ಪೇಪರ್ ಬೇಕು ಅಂತ ಅಳುತ್ತಾ ಬಂದರೆ ಶಟರ್ ಅರ್ಧ ಏಳುತ್ತದೆ. ಅಂಗಡಿಗೊಂದು, ಮನೆಗೊಂದು ಅಂತ ಎರಡು ಬಾಡಿಗೆ ಕಟ್ಟಬೇಕಾಗಿದ್ದರೆ ನಾನು ಎಂ.ಎ. ಮುಗಿಸುತ್ತಿರಲಿಲ್ಲ. ಪರಂಪರೆ ಅಂದರೆ ಕೆತ್ತನೆಯಷ್ಟೇ ಆದರೆ ನಮ್ಮ ಮನೆಯಲ್ಲಿ ಏನೂ ಇಲ್ಲ. ಬದುಕನ್ನು ಜೋಡಿಸಿಕೊಂಡ ಕ್ರಮವೂ ಹೌದಾದರೆ ಕೆಂಗೇರಿಯ ಆ ೧೧ ಹಲಗೆಗಳ ಹಿಂದೆ ಇರುವುದೆಲ್ಲ ಇಲ್ಲಿಯೂ ಇದೆ.

ಮೆಟ್ರೊ ನಮ್ಮ ಕಡೆ ೨೦೧೫ರಲ್ಲಿ ಬಂತು, ಕೆಂಗೇರಿಗೆ ೨೦೨೧ರಲ್ಲಿ. ರಸ್ತೆಯ ಮುಖದ ಬೆಲೆ ಏರಿದರೆ ಏನಾಗುತ್ತದೆ ಎಂಬುದನ್ನು ಪೆನಾಂಗಿನ ಜಾರ್ಜ್‌ಟೌನ್ ಮೊದಲೇ ತೋರಿಸಿದೆ. ಅಲ್ಲಿ ಹಳೆಯ ಬಾಡಿಗೆ ನಿಯಂತ್ರಣ ೨೦೦೦ನೇ ಇಸವಿಗೆ ಮುಗಿಯಿತು. ತಲೆಮಾರುಗಳಿಂದ ಇದ್ದ ಎಷ್ಟೋ ಬಾಡಿಗೆದಾರರು ಅಂಗಡಿಮನೆಗಳನ್ನು ಬಿಟ್ಟು ಹೋದರು. ೨೦೦೮ರಲ್ಲಿ ಮಲಾಕಾದ ಜೊತೆಗೆ ಜಾರ್ಜ್‌ಟೌನಿಗೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು, ಗೋಡೆಗಳಿಗೆ ಬಣ್ಣ ಬಂತು. ಕೆಲವು ಖಾಲಿ ಮನೆಗಳಲ್ಲಿ ಗೂಡಿಗೆ ಬೆಲೆಯಿರುವ ಒಂದು ಜಾತಿಯ ಹಕ್ಕಿ ಸಾಕಿದರು. ಜನರಿದ್ದ ಕೋಣೆಗಳಲ್ಲಿ ಹಕ್ಕಿ, ಹೊರಗೆ ಫೋಟೊ ತೆಗೆಯುವ ಪ್ರವಾಸಿಗಳು. ನಮ್ಮಲ್ಲಿ ಯಾರೂ ಮುಖಕ್ಕೆ ಬಣ್ಣ ಬಳಿಯಲೂ ಬರುವುದಿಲ್ಲ, ನೇರ ಜೆಸಿಬಿಯೇ ಬರುತ್ತದೆ. ಎರಡರಲ್ಲೂ ಮೊದಲು ಖಾಲಿಯಾಗುವುದು ಹಿಂದಿನ ಮನೆ.

ಕೆಂಗೇರಿಯ ಯಜಮಾನರ ಮನೆಯಲ್ಲಿ ಭಾಗದ ಮಾತು ನಡೆದಿದೆ. ೧೪ ಅಡಿಯನ್ನು ಉದ್ದಕ್ಕೆ ಸೀಳಿದರೆ ಅಣ್ಣನಿಗೂ ತಮ್ಮನಿಗೂ ಏಳೇಳು ಅಡಿ, ತೊಟ್ಟಿಯ ನಡುವೆ ಗೋಡೆ ಏಳುತ್ತದೆ. ಅಡ್ಡಕ್ಕೆ ಸೀಳಿದರೆ ಒಬ್ಬರಿಗೆ ಅಂಗಡಿ, ಇನ್ನೊಬ್ಬರಿಗೆ ಮನೆ, ಹಿಂದಿನವರಿಗೆ ದಾರಿಯಿಲ್ಲ. ಅದಕ್ಕೇ ಮಾರಿ ಹಂಚಿಕೊಳ್ಳೋಣ ಅನ್ನುತ್ತಿದ್ದಾರೆ. ಅವರ ಸೊಸೆ ನನ್ನ ನಕ್ಷೆಯ ಒಂದು ಪ್ರತಿ ಕೇಳಿ ಇಸಿದುಕೊಂಡರು. ಲಾಯರ್ ಬಳಿ ತೋರಿಸಲು ಇರಬಹುದು. ಅಡುಗೆಮನೆಯ ಹೊಗೆಯಲ್ಲಿ ಇಪ್ಪತ್ತು ವರ್ಷ ಕಳೆದವರು ಅವರು. ಅವರಿಗೆ ಕಿಟಕಿಯಿರುವ ಫ್ಲ್ಯಾಟ್ ಬೇಕು ಅಂದರೆ ತಪ್ಪು ಅನ್ನಲು ನಾನು ಯಾರು.

ನಮ್ಮ ಮನೆಯಲ್ಲೂ ಮಾತು ಮುಗಿದಿದೆ. ಅಪ್ಪನ ಮಂಡಿ ಮೆಟ್ಟಿಲು ಹತ್ತಲು ಒಪ್ಪುತ್ತಿಲ್ಲ, ಅಂಗಡಿಯ ಮೂರು ತಿಂಗಳ ಗಳಿಕೆ ಮೊಬೈಲ್ ಶೋರೂಮಿನವರು ಕೊಡುವ ಒಂದು ತಿಂಗಳ ಬಾಡಿಗೆಗೆ ಸಮವಾಗುವುದಿಲ್ಲ. ನಾನೂ ಹೂಂ ಅಂದಿದ್ದೇನೆ. ಹೋದ ಭಾನುವಾರ ಅಪ್ಪ, "ಊರವರ ಮನೆಯೆಲ್ಲಾ ಅಳೀತೀಯ, ಇದನ್ನೂ ಒಂದು ಸಲ ಅಳೆದು ಇಟ್ಕೊ," ಅಂದರು. ಅಳೆದೆ. ೧೧ ಅಡಿ ಅಗಲ, ೧೮ ಅಡಿ ಉದ್ದ. ಕಾಫಿ ಲೋಟ ಇಳಿಯುವ ಮೆಟ್ಟಿಲ ಸಂದಿ ಒಂಬತ್ತು ಇಂಚು. ಅದನ್ನೂ ಬರೆದುಕೊಂಡೆ.

ಬ್ರೋಕರ್ ಬಂದಾಗ ಅಪ್ಪ ಬಾಡಿಗೆಯ ಬಗ್ಗೆ ಹೆಚ್ಚು ಚೌಕಾಸಿ ಮಾಡಲಿಲ್ಲ. ಒಂದೇ ಷರತ್ತು ಹಾಕಿದರು: ಶಟರಿನ ಮುಂದಿನ ಎರಡು ಮೆಟ್ಟಿಲನ್ನು ಗಾಜಿನೊಳಗೆ ಸೇರಿಸಿಕೊಳ್ಳಬಾರದು, ಸಾಯಂಕಾಲ ಕೂರುವವರು ಕೂರಲಿ. ಬ್ರೋಕರ್ ಆಗಲಿ ಸಾರ್ ಅಂದರು. ಅಗ್ರಿಮೆಂಟಿನ ಕರಡು ಬಂದಿದೆ, ಓದಿದೆ. ಮೆಟ್ಟಿಲಿನ ಮಾತು ಅದರಲ್ಲಿಲ್ಲ. ನಾಳೆ ಫೋನ್ ಮಾಡಿ ಸೇರಿಸಲು ಹೇಳಬೇಕು.